ಎತ್ತಿಗೊಂದು ಬೆಲೆ, ಷೇರಿಗೊಂದು ಬೆಲೆ

ಮಸಗುಪ್ಪಿಯ ರೈತ ಎತ್ತು ಕೊಳ್ಳಲು ಸಂತೆಗೆ ಹೊರಡುವ ಮೊದಲೇ ಇಷ್ಟಕ್ಕಿಂತ ಹೆಚ್ಚು ಕೊಡಕೂಡದೆಂದು ಮನೆಯಲ್ಲೇ ನಿಶ್ಚಯಿಸಿರುತ್ತಾನೆ. ಷೇರು ಕೊಳ್ಳುವಾಗ ಮಾತ್ರ ಈ ಜಾಣತನ ಏಕೋ ಮರೆತುಹೋಗುತ್ತದೆ. ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೆ ಷೇರು ನೀಡಹೊರಟಾಗ ಕೊಳ್ಳುವವರೇ ಸಾಲದಾದರು. 2000ದ ಮಾರ್ಚಿನಲ್ಲಿ ಬೆಲೆ ಮುಗಿಲು ಮುಟ್ಟಿದಾಗ ಜನ ಮುಗಿಬಿದ್ದರು. 2001ರ ಸೆಪ್ಟೆಂಬರಿನ ಹೊತ್ತಿಗೆ ಆ ಬೆಲೆಯ ಕಾಲುಭಾಗವೂ ಉಳಿದಿರಲಿಲ್ಲ. ವಿಚಿತ್ರವೆಂದರೆ, ಕಂಪನಿಯ ಲಾಭ ಆಗಲೂ ಏರುತ್ತಲೇ ಇತ್ತು! ಕಂಪನಿ ಗಟ್ಟಿಯೇ; ಕೊಟ್ಟ ಬೆಲೆ ಅತಿಯಾಗಿತ್ತು.

ಒಂದು ಷೇರಿನ ವಾರ್ಷಿಕ ಗಳಿಕೆಯ ಎಷ್ಟು ಪಟ್ಟು ಕೊಡಬಹುದೆಂದು ಮೊದಲೇ ಲೆಕ್ಕ ಹಾಕಿ ಬರೆದಿಡಬೇಕು. ದಲ್ಲಾಳಿಗೆ ಗರಿಷ್ಠ ಬೆಲೆ ನಮೂದಿಸಿಯೇ ಆದೇಶ ಕೊಟ್ಟರೆ, ಪೇಟೆ ಅಷ್ಟಕ್ಕೆ ಇಳಿಯದ ಹೊರತು ಖರೀದಿಯಾಗದು. ಇಳಿಯದಿದ್ದರೆ? ಹಣ ಬ್ಯಾಂಕಿನಲ್ಲೇ ಇರುತ್ತದೆ. ರೈತನೂ ಎಷ್ಟೋ ಸಲ ಬರಿಗೈಲೇ ಊರಿಗೆ ಮರಳುತ್ತಾನೆ.