ತರಗತಿಯ ಕೋಡಂಗಿ

ಕನ್ನಡ ಕೂಟದ ಊಟದ ಸಾಲಿನಲ್ಲಿ ಬಿಪಿ, ಶುಗರ್ ಬಗ್ಗೆ ನನ್ನನ್ನು ಎಲ್ಲರೆದುರಿಗೇ ಕೇಳುತ್ತಾರೆ. ಮಕ್ಕಳ ಓದಿನ ತೊಂದರೆಯ ವಿಷಯಕ್ಕೆ ಮಾತ್ರ ಪಕ್ಕಕ್ಕೆ ಕರೆಯುತ್ತಾರೆ. "ಡಾಕ್ಟ್ರೇ, ಮಗ ಮನೇಲಿ ಬಲು ಚೂಟಿ. ಆದ್ರೆ ಸ್ಕೂಲಿಂದ ದಿನಾ ದೂರು. ಗಮನ ಸೆಳೆಯೋಕೆ ಚೇಷ್ಟೆ ಮಾಡ್ತಾನಂತೆ. ಫ್ರೆಂಡ್ಸೂ ಇಲ್ಲ."

ಇಪ್ಪತ್ತೈದು ವರ್ಷದಿಂದ ಅಮೆರಿಕದಲ್ಲಿ ಮಕ್ಕಳ ವೈದ್ಯನಾಗಿರುವ ನಾನು ಮೊದಲು ಕೇಳುವುದು, ಚೇಷ್ಟೆ ಯಾವ ಹೊತ್ತಿನಲ್ಲಿ ಎಂದು. ಬಹಳ ಸಲ ಉತ್ತರ ಒಂದೇ: ಗಟ್ಟಿಯಾಗಿ ಓದುವ ಸರದಿ ಬರುವ ಮುಂಚೆ. ಎಂಟು ವರ್ಷದ ಹುಡುಗನಿಗೆ ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ತುಂಟ ಅನ್ನಿಸಿಕೊಳ್ಳುವುದು ಎಷ್ಟೋ ವಾಸಿ. ಪಕ್ಕದವನನ್ನು ತಿವಿದು, ವಿಚಿತ್ರ ಸದ್ದು ಮಾಡಿದರೆ ಹೊರಗೆ ಕಳಿಸುತ್ತಾರೆ, ಓದುವುದು ತಪ್ಪುತ್ತದೆ. ಆಗ ನಕ್ಕ ಮಕ್ಕಳೇ ಆಟದ ಬಯಲಿನಲ್ಲಿ ಅವನನ್ನು ಸೇರಿಸಿಕೊಳ್ಳುವುದಿಲ್ಲ.

2007ರಲ್ಲಿ ಬಂದ 'ತಾರೇ ಜಮೀನ್ ಪರ್' ನೋಡಿ ಕಣ್ಣೊರೆಸಿಕೊಂಡವರು ನಮ್ಮಲ್ಲಿ ಬಹಳ. ಆದರೂ ನಮ್ಮ ಮನೆಯ ಮಗುವಿನ ವಿಷಯ ಬಂದಾಗ "ಸೋಮಾರಿ" ಎನ್ನುತ್ತೇವೆ! ಡಿಸ್ಲೆಕ್ಸಿಯಾ ಸೋಮಾರಿತನವಲ್ಲ, ಬುದ್ಧಿಮಾಂದ್ಯವೂ ಅಲ್ಲ. ಅಕ್ಷರವನ್ನು ಧ್ವನಿಯೊಡನೆ ಜೋಡಿಸುವುದು ಅಂಥ ಮಗುವಿಗೆ ಕಷ್ಟ. ಬರೆದಂತೆ ಓದಲಾಗದ ಇಂಗ್ಲಿಷಿನಲ್ಲಿ ಆ ಕಷ್ಟ ಇನ್ನೂ ಎದ್ದು ಕಾಣುತ್ತದೆ. ಜೊತೆಗೆ ಎಡಿಎಚ್‌ಡಿ ಇರುವುದೂ ಉಂಟು. ಕಣ್ಣು, ಕಿವಿಗಳ ಪರೀಕ್ಷೆ ಮೊದಲು ಆಗಲಿ. ಇನ್ನು, "ಮನೆಯಲ್ಲಿ ಕನ್ನಡ ನಿಲ್ಲಿಸಿ" ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಎರಡು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಗೆಳೆಯರಿಲ್ಲದ ಮಗುವಿನಿಂದ ಅಜ್ಜಿಯ ಫೋನ್ ಮಾತನ್ನೂ ಕಿತ್ತುಕೊಳ್ಳುವುದು ಎಂಥ ಚಿಕಿತ್ಸೆ?

ಈ ದೇಶದಲ್ಲಿ ಇಂಥ ಮಕ್ಕಳಿಗೆ 1975ರಿಂದ ಕಾನೂನಿನ ಬೆಂಬಲವಿದೆ. ಇಂದು ಅದರ ಹೆಸರು 'ಐಡಿಯಾ'. ಮಗುವನ್ನು ಪರೀಕ್ಷಿಸಿ ಎಂದು ಪಬ್ಲಿಕ್ ಶಾಲೆಗೆ ಪತ್ರ ಬರೆಯಿರಿ, ತಾರೀಖು ಹಾಕಿ, ಪ್ರತಿ ಇಟ್ಟುಕೊಳ್ಳಿ. ಕಾರಿಡಾರಿನಲ್ಲಿ ಟೀಚರಿಗೆ ಹೇಳಿದ ಮಾತು ಗಾಳಿಗೆ ಹೋಗುತ್ತದೆ. ಪರೀಕ್ಷೆಗೆ ಖರ್ಚಿಲ್ಲ. ಶಾಲೆ ಒಲ್ಲೆ ಎಂದರೆ ಕಾರಣ ಬರೆದು ಕೊಡಬೇಕು. ನೀವು ಒಪ್ಪಿಗೆ ಸಹಿ ಹಾಕಿದ 60 ದಿನಗಳಲ್ಲಿ ಪರೀಕ್ಷೆ ಮುಗಿಯಬೇಕು. ಕೆಲವು ರಾಜ್ಯಗಳ ಗಡುವು ಬೇರೆ. ಮಗು ಅರ್ಹನೆಂದಾದರೆ ಐಇಪಿ ಎಂಬ ಯೋಜನೆ ಸಿದ್ಧವಾಗುತ್ತದೆ, ವರ್ಷಕ್ಕೊಮ್ಮೆಯಾದರೂ ಅದನ್ನು ಪುನರ್‌ಪರಿಶೀಲಿಸಬೇಕು. "ಹಣೆಪಟ್ಟಿ ಬಿದ್ದರೆ ಮುಂದೆ ಕಾಲೇಜು?" ಎಂಬ ಭಯ ನಮ್ಮವರಿಗೆ ಹೆಚ್ಚು. ಕಾಲೇಜಿನ ಅರ್ಜಿಯಲ್ಲಿ ಇದನ್ನು ಹೇಳಲೇಬೇಕೆಂಬ ಕಟ್ಟುಪಾಡಿಲ್ಲ.

ಐಇಪಿಯಲ್ಲಿ ಓದು, ಲೆಕ್ಕವಷ್ಟೇ ಅಲ್ಲ, ಇತರರೊಡನೆ ಬೆರೆಯುವ ಗುರಿಯನ್ನೂ ಬರೆಸಬಹುದು. ಇದನ್ನು ಕೇಳುವವರು ಕಡಿಮೆ. ಅವನು ಓದಬೇಕಾದ ಭಾಗವನ್ನು ಹಿಂದಿನ ದಿನವೇ ಹೇಳಿಬಿಡಿ ಎಂದು ಟೀಚರನ್ನು ಕೇಳಿಕೊಳ್ಳಿ. ಅವನು ಚೇಷ್ಟೆ ಮಾಡುವ ಮುಂಚೆಯೇ ಬೆಳಿಗ್ಗೆ ಎರಡು ಮಾತಾಡಿಸಲಿ, ಪುಸ್ತಕ ಹಂಚುವಂಥ ಕೆಲಸ ಕೊಡಲಿ. ಬೇಡುವ ಮೊದಲೇ ಗಮನ ಸಿಕ್ಕರೆ ಕೋಡಂಗಿ ವೇಷಕ್ಕೆ ಅಷ್ಟು ಗಿರಾಕಿ ಇರುವುದಿಲ್ಲ.

ಗೆಳೆತನಕ್ಕೆ ಇಪ್ಪತ್ತು ಮಕ್ಕಳ ಬರ್ತ್‌ಡೇ ಪಾರ್ಟಿ ಮಾಡಬೇಡಿ. ಆ ಗದ್ದಲದಲ್ಲಿ ಅವನು ಇನ್ನೂ ಒಂಟಿ. ಒಬ್ಬನೇ ಒಬ್ಬ ಹುಡುಗನನ್ನು ಕರೆಯಿರಿ, ಒಂದು ಗಂಟೆ ಮಾತ್ರ. ಓದಿನ ಆಟ ಬೇಡ, ಗೆದ್ದು ಸೋಲುವ ಆಟವೂ ಬೇಡ. ಲೆಗೋ ಆಗಬಹುದು, ಚಪಾತಿ ಲಟ್ಟಿಸುವುದೂ ಆಗಬಹುದು. ಮೊದಲ ಸಲ ಜಗಳವಾದೀತು. ಮುಂದಿನ ಶನಿವಾರ ಮತ್ತೆ ಕರೆಯಿರಿ.