ನಿಮ್ಮ ಮನೆ ಯಾವ ಮಣ್ಣಿನ ಮೇಲಿದೆ?



2001ರ ಫೆಬ್ರವರಿ 28, ಬೆಳಿಗ್ಗೆ 10:54. ನಾವಿರುವ ಈ ಸಿಯಾಟಲ್ ಪ್ರದೇಶ ನಡುಗಿತು. ಅದು 6.8 ಪ್ರಮಾಣದ ನಿಸ್ಕ್ವಾಲಿ ಭೂಕಂಪ. ಪಯನೀಯರ್ ಸ್ಕ್ವೇರ್‌ನ ಹಳೆಯ ಇಟ್ಟಿಗೆ ಕಟ್ಟಡಗಳು ಜಖಂಗೊಂಡವು. ಬೋಯಿಂಗ್ ಫೀಲ್ಡ್ ವಿಮಾನ ನಿಲ್ದಾಣದ ರನ್‌ವೇ ಬಿರುಕು ಬಿಟ್ಟಿತು. ಆದರೆ ಎಷ್ಟೋ ಮನೆಗಳಿಗೆ ಏನೂ ಆಗಲಿಲ್ಲ. ಏಕೆ ಈ ವ್ಯತ್ಯಾಸ? ಒಂದು ಕಾರಣ ನಮ್ಮ ಕಾಲಡಿಯಲ್ಲೇ ಇದೆ.

ಸುಮಾರು 17 ಸಾವಿರ ವರ್ಷಗಳ ಹಿಂದೆ ಇಲ್ಲಿ ಹಿಮನದಿ ಹರಡಿತ್ತು. ಮಂಜುಗಡ್ಡೆಯ ದಪ್ಪ ಸುಮಾರು 3,000 ಅಡಿ, ಅಂದರೆ ಒಂದರ ಮೇಲೊಂದು ನಿಲ್ಲಿಸಿದ ಐದು ಸ್ಪೇಸ್ ನೀಡಲ್‌ಗಳಷ್ಟು! ಆ ಭಾರಕ್ಕೆ ಕೆಳಗಿನ ಮಣ್ಣು, ಕಲ್ಲು ಧಮ್ಮಸ್ಸು ಹಾಕಿದಂತೆ ಗಟ್ಟಿಯಾದವು. ನಮ್ಮ ಅನೇಕ ಗುಡ್ಡಗಳು ಈ ಮಣ್ಣಿನವು. ಹಿಮ ಕರಗಿದ ಮೇಲೆ ನದಿಗಳು ಕಣಿವೆಗಳಲ್ಲಿ ಸಡಿಲ ಮರಳು ತಂದು ಸುರಿದವು. ಮುಂದೆ ಜನರೂ ಡುವಾಮಿಶ್ ನದೀಮುಖದ ಕೆಸರುಭೂಮಿಗೆ ಮಣ್ಣು ತುಂಬಿ ಊರು ಬೆಳೆಸಿದರು. ಇಂಥ ಸಡಿಲ ಮಣ್ಣಿನ ಮೇಲೆ ಹಿಮದ ಭಾರ ಬಿದ್ದೇ ಇಲ್ಲ.

ಮಕ್ಕಳೇ, ಒಂದು ಪ್ರಯೋಗ ಮಾಡಿ. ಡಬ್ಬಿಯಲ್ಲಿ ಸಡಿಲವಾಗಿ ಮರಳು ತುಂಬಿ, ಮೇಲಿನವರೆಗೆ ನೀರು ಹಾಕಿ, ಒಂದು ಕಲ್ಲು ಇಡಿ. ಡಬ್ಬಿಯ ಬದಿಗೆ ತಟ್ಟುತ್ತಾ ಹೋಗಿ. ಕಲ್ಲು ಮುಳುಗುತ್ತದೆ! ಭೂಕಂಪದಲ್ಲಿ ನೀರು ತುಂಬಿದ ಸಡಿಲ ಮರಳು ಹೀಗೆಯೇ ಅಂಬಲಿಯಂತಾಗುತ್ತದೆ. ಇದಕ್ಕೆ ದ್ರವೀಕರಣ ಎನ್ನುತ್ತಾರೆ.

ಇದನ್ನು ಮೊದಲೇ ತಿಳಿಯುವುದು ಹೇಗೆ? ಎಂಜಿನಿಯರ್‌ಗಳು ನೆಲ ಕೊರೆದು, 63.5 ಕಿಲೋ ತೂಕದ ಸುತ್ತಿಗೆಯನ್ನು ಮತ್ತೆ ಮತ್ತೆ ಬೀಳಿಸಿ, ಕೊಳವೆ ಒಂದು ಅಡಿ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುತ್ತಾರೆ. ಕಡಿಮೆ ಪೆಟ್ಟು ಸಾಕಾದರೆ ಮಣ್ಣು ಸಡಿಲ. ನಮ್ಮ ರಾಜ್ಯದ ಭೂವಿಜ್ಞಾನಿಗಳು ಹಲವು ಶಾಲೆಗಳ ಮೈದಾನದಲ್ಲೂ ಕಂಪನ ಎಷ್ಟು ವೇಗವಾಗಿ ಸಾಗುತ್ತದೆಂದು ಅಳೆದಿದ್ದಾರೆ. ಗಟ್ಟಿ ನೆಲದಲ್ಲಿ ವೇಗ ಹೆಚ್ಚು. ಮೆತ್ತನೆಯ ನೆಲದಲ್ಲಿ ಅಲೆ ನಿಧಾನವಾಗುತ್ತದೆ, ಅಲುಗಾಟ ಹೆಚ್ಚುತ್ತದೆ.

ಆದರೂ ಗುಡ್ಡದ ಮೇಲಿದ್ದೇವೆಂದು ನಿಶ್ಚಿಂತರಾಗಬೇಡಿ. 2001ರಲ್ಲಿ ವೆಸ್ಟ್ ಸಿಯಾಟಲ್‌ನಲ್ಲಿ ಅನೇಕ ಚಿಮಣಿಗಳು ಉರುಳಿದವು. ಕಡಿದಾದ ಇಳಿಜಾರು ಕುಸಿಯಲೂಬಹುದು.

ಪೋಷಕರೇ, ವಾಷಿಂಗ್ಟನ್ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ನಕ್ಷೆಯಲ್ಲಿ ನಿಮ್ಮ ಬಡಾವಣೆ ಹುಡುಕಿ. ಮನೆ ಕೊಳ್ಳುವಾಗ ಶಾಲೆ, ವಾಸ್ತು ನೋಡುವ ನಾವು ಮಣ್ಣನ್ನೂ ನೋಡೋಣ. ಬಿಸಿನೀರಿನ ಟ್ಯಾಂಕ್, ಪುಸ್ತಕದ ಕಪಾಟುಗಳನ್ನು ಗೋಡೆಗೆ ಬಿಗಿಯಿರಿ.

ಮಕ್ಕಳೇ, ನೆಲ ನಡುಗಿದರೆ ಓಡಬೇಡಿ. ಬಗ್ಗಿ, ಮೇಜಿನಡಿ ಸೇರಿ, ಅದರ ಕಾಲು ಗಟ್ಟಿಯಾಗಿ ಹಿಡಿಯಿರಿ. ಇವತ್ತೇ ಅಪ್ಪ ಅಮ್ಮನಿಗೂ ಕಲಿಸಿ!