ಬೆಸುಗೆಯ ಹದ

ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು ಕಾವನ್ನು ಅಳೆಯಲು ಯಾವ ಉಪಕರಣವನ್ನೂ ಹಿಡಿಯುತ್ತಿರಲಿಲ್ಲ. ನವಸಾಗರ ಹೊಗೆಯಾಡುವ ಬಗೆ, ತವರ ಕರಗಿ ಹರಿಯುವ ರೀತಿ ಇವೇ ಅವನಿಗೆ ಹದವನ್ನು ತಿಳಿಸುತ್ತಿದ್ದುವು. ವಿದ್ಯುನ್ಮಾನ ಉಪಕರಣಗಳ ರಿಪೇರಿಯವನಿಗೂ ತವರವೇ ಬಂಡವಾಳ. ಆದರೆ ಅವನು ಬೆಸೆಯುವ ಭಾಗಗಳಲ್ಲಿ ಅನೇಕವು ಅಕ್ಕಿಕಾಳಿಗಿಂತ ಚಿಕ್ಕವು. ಅಲ್ಲಿ ಕಣ್ಣಂದಾಜು ಸಾಲದು.

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಈ ಕಸುಬು ಹೊಸದಲ್ಲ. ರಾಜಾಜಿನಗರ 1949ರಲ್ಲಿ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ. ಮೈಸೂರು ರಸ್ತೆಯ ರೆಮ್ಕೋ ಕಾರ್ಖಾನೆಯಲ್ಲಿ ರೇಡಿಯೋಗಳು ತಯಾರಾಗುತ್ತಿದ್ದುವು. ಆ ಹೆಸರು ವಿಜಯನಗರದ ಒಂದು ಬಡಾವಣೆಯಲ್ಲಿ ಇಂದಿಗೂ ಉಳಿದಿದೆ. ಅಂದಿನ ರೇಡಿಯೋದ ದಪ್ಪ ತಂತಿಗಳಿಗೆ ಸಾಮಾನ್ಯ ಸೋಲ್ಡರಿಂಗ್ ಐರನ್ ಸಾಕಾಗಿತ್ತು. ಈಗಿನ ಮೊಬೈಲು, ಯು.ಪಿ.ಎಸ್.ಗಳ ಫಲಕಗಳಿಗೆ ಅದು ಸಾಲದು.

ಕಾರಣ ಲೋಹದ ಗುಣದಲ್ಲಿದೆ. ತವರ 63 ಪಾಲು, ಸೀಸ 37 ಪಾಲು ಸೇರಿದ ಮಿಶ್ರಲೋಹ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸ ವಿಷಕಾರಿಯಾದುದರಿಂದ ಐರೋಪ್ಯ ಒಕ್ಕೂಟವು 2006ರಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿತು. ಅದರ ಬದಲಿಗೆ ಬಂದ ತವರ, ಬೆಳ್ಳಿ, ತಾಮ್ರಗಳ ಮಿಶ್ರಣ ಕರಗಲು ಸುಮಾರು 217 ಡಿಗ್ರಿ ಬೇಕು. ಕಾವು ಮಿತಿಮೀರಿದರೆ ಫಲಕದ ತಾಮ್ರದ ಗೆರೆ ಕಿತ್ತುಬರುತ್ತದೆ. ಕಡಮೆಯಾದರೆ ‘ಡ್ರೈ ಸೋಲ್ಡರ್’ ಉಂಟಾಗುತ್ತದೆ. ಎರಡನೆಯದೇ ಹೆಚ್ಚು ಅಪಾಯಕರ. ಬೆಸುಗೆ ಕೂಡಿದಂತೆ ಕಾಣುತ್ತದೆ, ಉಪಕರಣವೂ ನಡೆಯುತ್ತದೆ, ಕೆಲವು ವಾರಗಳ ಮೇಲೆ ಗಿರಾಕಿ ಮತ್ತೆ ಅಂಗಡಿಯ ಬಾಗಿಲಿಗೆ ಬರುತ್ತಾನೆ.

ಸಾಮಾನ್ಯ ಐರನ್ನಿನಲ್ಲಿ ಕಾವಿಗೆ ಕಡಿವಾಣವಿಲ್ಲ. ಡಿಜಿಟಲ್ ಸೋಲ್ಡರಿಂಗ್ ಸ್ಟೇಷನ್ನಿನಲ್ಲಾದರೋ ಒಂದು ಸಂವೇದಕ ಮೊನೆಯ ಕಾವನ್ನು ತಿಳಿಸುತ್ತಿರುತ್ತದೆ. ಅದಕ್ಕೆ ತಕ್ಕಂತೆ ವಿದ್ಯುತ್ತು ಹರಿಯುತ್ತದೆ, ನಿಲ್ಲುತ್ತದೆ. ಗಾಜಿನ ಮೇಲೆ 350 ಎಂಬ ಅಂಕಿ ಹೊಳೆಯುತ್ತದೆ. ಕೊಳ್ಳುವವನು ಮರುಳಾಗುವುದು ಈ ಅಂಕಿಗೇ! ಅಗ್ಗದ ಅನೇಕ ಸ್ಟೇಷನ್ನುಗಳಲ್ಲಿ ಸಂವೇದಕವಿರುವುದು ಮೊನೆಯಲ್ಲಲ್ಲ, ಅದರ ಹಿಂದಿನ ಕಾವುಸುರುಳಿಯಲ್ಲಿ. ಇವೆರಡರ ನಡುವೆ ಗಾಳಿಯ ಸಂದಿಯಿದ್ದರೆ ಅಂಕಿ ಅಲ್ಲಿಯದು, ಕೆಲಸ ಇಲ್ಲಿಯದು. ಸುರುಳಿ, ಸಂವೇದಕ, ಮೊನೆ ಮೂರೂ ಒಂದೇ ಕೊಳವೆಯಲ್ಲಿ ಕೂಡಿರುವ ಮಾದರಿಯಲ್ಲಿ ಈ ಅಂತರ ಬಹಳ ಕಡಮೆ. ಬೆಲೆ ಮಾತ್ರ ಹೆಚ್ಚು.

ಆದುದರಿಂದ ಸ್ಟೇಷನ್ನನ್ನು ಪರೀಕ್ಷಿಸಬೇಕಾದುದು ಅದು ಸುಮ್ಮನಿರುವಾಗಲ್ಲ, ದುಡಿಯುವಾಗ. ಅಗಲವಾದ ತಾಮ್ರದ ಹಾಳೆಯುಳ್ಳ ಹಳೆಯ ಫಲಕವೊಂದರ ಮೇಲೆ ಬಿಡುವಿಲ್ಲದೆ ಹತ್ತು ಬೆಸುಗೆ ಹಾಕಬೇಕು. ತಾಮ್ರ ಕಾವನ್ನು ಹೀರುತ್ತದೆ. ಹತ್ತನೆಯ ಬೆಸುಗೆಯೂ ಮೊದಲನೆಯದರಷ್ಟೇ ಬೇಗ ಹರಿದರೆ ಮೊನೆ ಕಳೆದುಕೊಂಡ ಕಾವನ್ನು ಒಡನೆ ತುಂಬಿಕೊಳ್ಳುತ್ತಿದೆ ಎಂದು ಅರ್ಥ. ಹೆಚ್ಚು ವ್ಯಾಟ್ ಎಂದರೆ ಫಲಕ ಸುಡುವುದೆಂಬ ಹೆದರಿಕೆ ಹಲವರಲ್ಲಿದೆ. ಇದು ತಪ್ಪು ತಿಳಿವಳಿಕೆ. ನಿಯಂತ್ರಣವಿರುವಲ್ಲಿ ವ್ಯಾಟ್ ಹೆಚ್ಚಿದಷ್ಟೂ ಚೇತರಿಕೆ ಬೇಗ, ಅಷ್ಟೇ.

ಇನ್ನೊಂದು ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅದರ ದಪ್ಪ ಕಡ್ಡಿಗೂ ಮೊನೆಗೂ ನಡುವಿನ ರೋಧವನ್ನು ಅಳೆಯಬೇಕು. ಅದು ಕೆಲವೇ ಓಮ್‌ಗಳಷ್ಟಿದ್ದರೆ ಭೂಸಂಪರ್ಕ ಸರಿಯಾಗಿದೆ; ಇಲ್ಲದಿದ್ದರೆ ಸೋರುವ ವಿದ್ಯುತ್ತು ಸೂಕ್ಷ್ಮ ಚಿಪ್ಪುಗಳನ್ನು ಕೆಡಿಸಬಹುದು. ಅಂಗಡಿಯ ಗೋಡೆಯಲ್ಲೇ ಭೂಸಂಪರ್ಕದ ತಂತಿ ಇಲ್ಲದಿದ್ದರೆ ಯಾವ ಸ್ಟೇಷನ್ನೂ ಅದನ್ನು ತುಂಬಿಕೊಡಲಾರದು.

ಮೊನೆಯ ಒಳಗೆ ತಾಮ್ರ, ಹೊರಗೆ ಕಬ್ಬಿಣದ ತೆಳು ಲೇಪ. ಕರಗಿದ ತವರ ತಾಮ್ರವನ್ನು ತಿನ್ನುವುದರಿಂದ ಈ ಕವಚ ಅಗತ್ಯ. ಅದನ್ನು ಅರದಿಂದ ಉಜ್ಜಿದರೆ ಮೊನೆಯ ಆಯುಸ್ಸು ಅಲ್ಲಿಗೆ ಮುಗಿಯಿತು. ಆಗ ಅದೇ ಅಳತೆಯ ಇನ್ನೊಂದು ಮೊನೆ ಎಸ್.ಪಿ. ರಸ್ತೆಯಲ್ಲಿ ಸಿಗುವುದೇ ಎಂಬುದನ್ನು ಸ್ಟೇಷನ್ ಕೊಳ್ಳುವ ಮೊದಲೇ ವಿಚಾರಿಸಿರಬೇಕು.